ಬೆಲ್ಟ್ ಗ್ರೈಂಡರ್‌ಗೆ ತುಂತುರು ನೀರು: ಸಾಗರದ ಒಂದು ಚಾಕು ಶೆಡ್ಡಿನ ಪ್ರಕರಣ

ಅಡುಗೆ ಭಟ್ಟರು ಬೈಯಲಿಲ್ಲ. ಪೇಪರ್ ಬಿಚ್ಚಿ ಚಾಕುವನ್ನು ಮೇಜಿನ ಮೇಲಿಟ್ಟರು. ಚಾಕುವಿನ ಬಾಯಿಯ (ಕೊಯ್ಯುವ ಅಂಚಿನ) ಮೇಲೆ ಉಗುರು ಓಡಿಸಿ ತೋರಿಸಿದರು. "ಹಿಂದೆ ಒಳ್ಳೇದಿದೆ. ಮುಂದೆ ಮೂರು ಬೆರಳು ಮಾತ್ರ ನಿಲ್ತಾ ಇಲ್ಲ ಮಾರಾಯ್ರೆ. ಎರಡು ಮದುವೆಗೇ ಮಡಚಿಕೊಳ್ತು."

ಇದು ನಡೆದದ್ದು ಸಾಗರದ ಹತ್ತಿರ, ನಮ್ಮ ಭಾವನ ಶೆಡ್ಡಿನಲ್ಲಿ. ಭಾವ ಅಂದರೆ ನನ್ನ ಅಕ್ಕನ ಗಂಡ. ಹಿಂದೆ ಅಡಿಕೆ ಬೇಯಿಸುತ್ತಿದ್ದ ಜಾಗದಲ್ಲಿ ಈಗ ಚಾಕು, ಕತ್ತಿ ಮಾಡುತ್ತಾರೆ. ತಿಂಗಳಿಗೆ ಹತ್ತೋ ಹನ್ನೆರಡೋ, ಅದಕ್ಕಿಂತ ಜಾಸ್ತಿ ಇಲ್ಲ. ನಾನು ಲೇತ್ ಕೆಲಸದವನು. ಭಾನುವಾರ ಹೋಗಿ ಮಷಿನ್ ರಿಪೇರಿ ಏನಾದರೂ ಇದ್ದರೆ ನೋಡುತ್ತೇನೆ, ಊಟ ಮಾಡಿಕೊಂಡು ಬರುತ್ತೇನೆ. ಆ ಭಾನುವಾರ ಊಟ ಸ್ವಲ್ಪ ತಡವಾಯಿತು.

ಚಾಕು 52100 ಉಕ್ಕಿನದು. ನಮ್ಮ ಕಡೆ ಅಂಗಡಿಯಲ್ಲಿ ಇಎನ್31 ಅನ್ನುತ್ತಾರೆ, ಬೇರಿಂಗ್ ಮಾಡುವ ಉಕ್ಕು. ಭಾವ ಅದನ್ನು ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತಾರೆ. ಆಮೇಲೆ ಓವನ್‌ನಲ್ಲಿ 200 ಡಿಗ್ರಿಯಲ್ಲಿ ಎರಡು ಗಂಟೆಯಂತೆ ಎರಡು ಸಲ ಇಟ್ಟು ಹದ ಮಾಡುತ್ತಾರೆ. ಸರಿಯಾಗಿ ಬಂದರೆ ಗಡಸುತನ ರಾಕ್‌ವೆಲ್ ಸಿ ಲೆಕ್ಕದಲ್ಲಿ 60ರ ಆಸುಪಾಸು. ಅಂಥ ಅಲಗಿನ ಮೇಲೆ ಸಾಮಾನ್ಯ ಅರ ಇಟ್ಟು ಉಜ್ಜಿದರೆ ಗಾಜಿನ ಮೇಲೆ ಜಾರಿದ ಹಾಗೆ ಜಾರಬೇಕು.

ಭಟ್ಟರ ಚಾಕುವಿನ ಹಿಂಭಾಗದಲ್ಲಿ ಅರ ಜಾರಿತು. ನಡುವೆಯೂ ಜಾರಿತು. ಮೊನೆಯಿಂದ ಮೂರು ಬೆರಳು ದೂರಕ್ಕೆ ಬಂದಾಗ ಕಚ್ಚಿತು.

ಇಲ್ಲಿ ಒಂದು ವಿಷಯ ಖಚಿತವಾಯಿತು. ಓವನ್‌ನ ತಪ್ಪಲ್ಲ. ಇಡೀ ಅಲಗು ಒಂದೇ ಓವನ್‌ನಲ್ಲಿ ಕೂತಿತ್ತು. ಅರ್ಧ ಗಟ್ಟಿ, ಅರ್ಧ ಮೆತ್ತಗೆ ಬರುವ ಹಾಗಿಲ್ಲ. ಹದ ಹೋದದ್ದು ಆಮೇಲೆ. ಆಮೇಲೆ ಆ ಚಾಕು ಹೋದದ್ದು ಒಂದೇ ಕಡೆ, ಅಲಗು ಉಜ್ಜುವ ಬೆಲ್ಟ್ ಗ್ರೈಂಡರ್‌ಗೆ.

ಭಾವ ಒಪ್ಪಲಿಲ್ಲ. "ನಾನು ಪ್ರತಿ ಸಲ ಬಕೆಟ್‌ಗೆ ಅದ್ದುತ್ತೇನೆ. ನೀಲಿ ಬಂದದ್ದು ಒಂದು ಸಲವೂ ನೋಡಿಲ್ಲ ಮಾರಾಯ."

ನೋಡಿರಲಿಕ್ಕಿಲ್ಲ. ಅದೇ ಇದರಲ್ಲಿ ಮೋಸ. ಉಕ್ಕು ಕಾದರೆ ಮೈಮೇಲೆ ಬಣ್ಣ ಬರುತ್ತದೆ: 200 ಡಿಗ್ರಿ ದಾಟಿದ ಮೇಲೆ ಒಣಹುಲ್ಲಿನ ಹಳದಿ, 260ರ ಹತ್ತಿರ ಕಂದು, 280ರ ಹತ್ತಿರ ನೇರಳೆ, 300ಕ್ಕೆ ನೀಲಿ. ಆದರೆ ಬಣ್ಣ ಅಂದರೆ ಬರೀ ಮೇಲಿನ ತೆಳು ಪದರ. ಬೆಲ್ಟ್ ಮೇಲೆ ಇನ್ನೊಂದು ಸಲ ಎಳೆದರೆ ಸಾಕು, ಅಳಿಸಿ ಹೋಗುತ್ತದೆ. ಕೆಳಗಿನ ಮೆತ್ತಗಾದ ಉಕ್ಕು ಮಾತ್ರ ಹಾಗೇ ಉಳಿಯುತ್ತದೆ. 200ರಲ್ಲಿ ಹದವಾದ ಉಕ್ಕು 300ರವರೆಗೆ ಕಾದರೆ ಗಡಸುತನ 56ರ ಹತ್ತಿರಕ್ಕೆ ಇಳಿಯುತ್ತದೆ. ಸೊಪ್ಪು ಕೊಯ್ಯುವ ಕತ್ತಿಗೆ ಅಷ್ಟು ಸಾಕು. ಕಾಗದದಷ್ಟು ತೆಳು ಬಾಯಿಯ ಅಡುಗೆ ಚಾಕುವಿಗೆ ಸಾಲದು.

ಬಕೆಟ್ ಯಾಕೆ ಸಾಲಲಿಲ್ಲ

ಗ್ರೈಂಡರ್ ಬಗ್ಗೆ ಸ್ವಲ್ಪ ಹೇಳಬೇಕು. ಎರಡು ಇಂಚು ಅಗಲ, 72 ಇಂಚು ಉದ್ದದ, ಉಪ್ಪುಕಾಗದದಂಥ ಒರಟು ಮೈಯ ಬೆಲ್ಟ್. 2 ಎಚ್‌ಪಿ ಮೋಟರ್, 2800 ಸುತ್ತು. ಓಡಿಸುವ ಗಾಲಿ 100 ಮಿಲಿಮೀಟರ್. ಲೆಕ್ಕ ಹಾಕಿದರೆ ಬೆಲ್ಟ್ ಸೆಕೆಂಡಿಗೆ ಸುಮಾರು 15 ಮೀಟರ್ ಓಡುತ್ತದೆ. ವೇಗ ಕಡಿಮೆ ಮಾಡಲು ವಿಎಫ್‌ಡಿ ಇದೆ, ಅಂದರೆ ಮೋಟರ್‌ಗೆ ಹೋಗುವ ಕರೆಂಟಿನ ಹರ್ಟ್ಜ್ ಇಳಿಸಿ ವೇಗ ತಗ್ಗಿಸುವ ಪೆಟ್ಟಿಗೆ. ಬೆಲ್ಟ್ ಮುಂಭಾಗದಲ್ಲಿ ಮೇಲಿಂದ ಕೆಳಗೆ ಇಳಿಯುತ್ತದೆ. ಹಿಂದೆ ಆಸರೆಗೆ ಉಕ್ಕಿನ ಚಪ್ಪಟೆ ಪಟ್ಟಿ, ಅದಕ್ಕೆ ಪ್ಲಾಟನ್ ಅನ್ನುತ್ತಾರೆ. ಭಾವ ಚಾಕುವಿನ ಬಾಯಿ ಮೇಲೆ ಮಾಡಿ ಹಿಡಿದು ಎಳೆಯುತ್ತಾರೆ.

ಒರಟು ಕೆಲಸವನ್ನೆಲ್ಲ ಹದ ಹಾಕುವ ಮುಂಚೆಯೇ ಮುಗಿಸುತ್ತಾರೆ. ಆಗ ಎಷ್ಟು ಕಾದರೂ ಚಿಂತೆ ಇಲ್ಲ. ಆದರೆ ಬಾಯಿಯನ್ನು ಪೂರ್ತಿ ತೆಳು ಮಾಡಿ ಎಣ್ಣೆಗೆ ಅದ್ದಿದರೆ ಸೊಟ್ಟಗಾಗುತ್ತದೆ, ಇಲ್ಲ ಸೀಳುತ್ತದೆ. ಹಾಗಾಗಿ ಕೊನೆಯ ತೆಳು ಮಾಡುವ ಕೆಲಸ ಹದ ಆದಮೇಲೆಯೇ ಆಗಬೇಕು. ಬಾಯಿ ಅತಿ ತೆಳುವಾಗಿರುವಾಗಲೇ ಬಿಸಿ ತಡೆಯುವ ಶಕ್ತಿಯೂ ಅತಿ ಕಡಿಮೆ.

ಎಷ್ಟು ಕಡಿಮೆ ಅಂತ ಚಹಾ ಕುಡಿಯುತ್ತಾ ಲೆಕ್ಕ ಹಾಕಿದೆವು. 15 ಸೆಂಟಿಮೀಟರ್ ಉದ್ದದ ಬಾಯಿ. ಅದರ ತುದಿಯ 5 ಮಿಲಿಮೀಟರ್ ಪಟ್ಟಿ. ಸರಾಸರಿ ದಪ್ಪ 0.4 ಮಿಲಿಮೀಟರ್. ತೂಕ ಎರಡೂವರೆ ಗ್ರಾಂ ಕೂಡ ಇಲ್ಲ. ಅದನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಜೂಲ್‌ಗಿಂತ ಚೂರು ಜಾಸ್ತಿ ಸಾಕು. ಅಂದರೆ 30 ಡಿಗ್ರಿಯಿಂದ 210ಕ್ಕೆ ಏರಲು ಸುಮಾರು 200 ಜೂಲ್. ಭಾವ ಒತ್ತಿ ಹಿಡಿದಾಗ ಮೋಟರ್ ಬೆಲ್ಟ್‌ಗೆ ಕೊಡುವುದು 700 ವಾಟ್ ಅಂತಿಟ್ಟುಕೊಳ್ಳಿ. ಸೆಕೆಂಡಿಗೆ 700 ಜೂಲ್. ಅದರಲ್ಲಿ ಬಹುಪಾಲು ಕಿಡಿಯ ಜತೆ, ಬೆಲ್ಟ್ ಜತೆ ಹೋಗುತ್ತದೆ. ಬೆನ್ನಿನ ಕಡೆಗೂ ಹರಿಯುತ್ತದೆ. ಆದರೂ ಬಾಯಿಯ ಪಾಲಿಗೆ ಬಂದ ಚೂರೇ ಸಾಕಲ್ವಾ? ಮೊನೆಯಲ್ಲಂತೂ ಬಿಸಿ ಹರಿದುಹೋಗಲು ಒಂದೇ ದಿಕ್ಕು. ಎಳೆತದ ಕೊನೆಗೆ ಕೈ ಸ್ವಲ್ಪ ನಿಂತರೆ ಮುಗಿಯಿತು.

ಬಕೆಟ್‌ಗೆ ಅದ್ದುವುದು ಎಳೆತ ಮುಗಿದ ಮೇಲೆ. ಹದ ಹೋಗುವುದು ಎಳೆತದ ನಡುವೆ. ಬೆರಳಿಗೆ ಬಿಸಿ ತಾಗಿದಾಗ ಅದ್ದುತ್ತೇನೆ ಅನ್ನುವವರ ಬೆರಳು ಇರುವುದು ಬೆನ್ನಿನ ಮೇಲೆ. ಬಾಯಿಯ ಸುದ್ದಿ ಬೆನ್ನಿಗೆ ತಲುಪುವಷ್ಟರಲ್ಲಿ ತಡವಾಗಿರುತ್ತದೆ.

ಸುಲಭದ ದಾರಿ ಮೊದಲು ಮಾಡಿದೆವು. ಹದ ಆದ ಅಲಗನ್ನು ಅರ್ಧ ವೇಗದಲ್ಲಿ, 25 ಹರ್ಟ್ಜ್‌ನಲ್ಲಿ ಮಾತ್ರ ಉಜ್ಜುವುದು. ಸವೆದ ಬೆಲ್ಟ್ ಎಸೆಯುವುದು. ಸವೆದ ಬೆಲ್ಟ್ ಉಕ್ಕನ್ನು ಕತ್ತರಿಸುವುದಿಲ್ಲ, ಸುಮ್ನೆ ತಿಕ್ಕುತ್ತದೆ, ತಿಕ್ಕಿದ್ದೆಲ್ಲ ಬಿಸಿ. ಇಷ್ಟಕ್ಕೇ ತುಂಬಾ ವ್ಯತ್ಯಾಸ ಕಂಡಿತು. ಇದನ್ನು ಓದಿ ಯಾರಾದರೂ ನೇರ ನೀರು ಚಿಮುಕಿಸುವ ನಾಜಲ್ ಕೊಳ್ಳಲು ಹೊರಟಿದ್ದರೆ, ಮೊದಲು ಎರಡು ಹೊಸ ಸಿರಾಮಿಕ್ ಬೆಲ್ಟ್ ಕೊಂಡು ನೋಡಿ. ಆದರೆ ಭಾವನಿಗೆ ಬೆಲ್ಟ್ ಎಸೆಯುವುದು ಅಂದರೆ ಅನ್ನ ಎಸೆದಷ್ಟೇ ಕಷ್ಟ. ಎರಡೇ ವಾರದಲ್ಲಿ ಹಳೇ ಬೆಲ್ಟ್‌ಗಳು ಮತ್ತೆ ಮೊಳೆಗೆ ಬಂದು ನೇತುಬಿದ್ದವು. ಆಗ ನೀರಿನ ಮಾತು ಶುರುವಾಯಿತು.

ಬೋರ್ಡೋ ಪಂಪು, ಗ್ಲೂಕೋಸ್ ಪೈಪು

ಅಡಿಕೆ ತೋಟದ ಮನೆಯಲ್ಲಿ ನೀರು ಚಿಮುಕಿಸುವುದು ಅಂದರೆ ಮೊದಲು ನೆನಪಾಗುವುದು ಬೋರ್ಡೋ (ಅಡಿಕೆಗೆ ಸಿಂಪಡಿಸುವ ಮೈಲುತುತ್ತ-ಸುಣ್ಣದ ಔಷಧಿ) ಹೊಡೆಯುವ ಪಂಪು. ಭಾವ ಅದರದ್ದೇ ಹಳೇ ನಾಜಲ್ ತಂದು ಗ್ರೈಂಡರ್ ಮೇಲೆ ತಂತಿಯಲ್ಲಿ ಕಟ್ಟಿದರು. ಐದು ನಿಮಿಷದಲ್ಲಿ ಶೆಡ್ಡು ಕೊಚ್ಚೆ. ನಿಮಿಷಕ್ಕೆ ಒಂದು ಲೀಟರ್‌ಗಿಂತ ಜಾಸ್ತಿ ನೀರು. ಬೆಲ್ಟ್ ಅದನ್ನು ಹೊತ್ತುಕೊಂಡು ಸುತ್ತಿ ಛಾವಣಿಗೆ ಎರಚಿತು, ನಮ್ಮ ಮುಖಕ್ಕೂ ಎರಚಿತು. ಮೇಲಿನ ಗಾಲಿ ಒದ್ದೆಯಾಗಿ ಬೆಲ್ಟ್ ಪಕ್ಕಕ್ಕೆ ಸರಿಯತೊಡಗಿತು.

ಅಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಅಲಗಿನ ಮೇಲೆ ಅಲ್ಲಲ್ಲಿ ಕೆಂಪು ಕಲೆ ಎದ್ದಿತು. ತುಕ್ಕಲ್ಲ, ತಾಮ್ರ. ನಾಜಲ್ ಒಳಗೆ ಮೈಲುತುತ್ತ, ಅಂದರೆ ತಾಮ್ರದ ಲವಣ, ಉಳಿದಿತ್ತು. ಬೋರ್ಡೋಗೆ ಸುಣ್ಣ ಸಾಕಾಗಿದೆಯಾ ಅಂತ ನೋಡಲು ತೋಟದವರು ಕತ್ತಿಯನ್ನು ಅದ್ದಿ ನೋಡುತ್ತಾರಲ್ಲ, ಕೆಂಪು ಕೂತರೆ ಸುಣ್ಣ ಸಾಲದು ಅಂತ. ನಾವು ಅದೇ ಪರೀಕ್ಷೆಯನ್ನು ಮಾರಾಟದ ಚಾಕುವಿನ ಮೇಲೆ ಮಾಡಿದ್ದೆವು. ಅಕ್ಕ ಬಾಗಿಲಲ್ಲಿ ನಿಂತು ನಗುತ್ತಿದ್ದಳು.

ಎರಡನೇ ಸಲ ಬೇರೆ ತುದಿಗೆ ಹೋದೆವು. ಮೆಡಿಕಲ್ ಶಾಪಿನಿಂದ ಗ್ಲೂಕೋಸ್ ಹಾಕುವ ಪೈಪು ತಂದೆವು. ಬಾಟಲಿ ಮೇಲೆ ತೂಗುಹಾಕಿ, ಪೈಪಿನ ತುದಿಯನ್ನು ಬೆಲ್ಟ್ ಹತ್ತಿರ ಕಟ್ಟಿದೆವು. ಅದರ ಹಲ್ಲಿನ ಗಾಲಿ ತಿರುಗಿಸಿದರೆ ಹನಿ ಎಷ್ಟು ಬೇಕೋ ಅಷ್ಟು. ಇದು ಬಹಳ ಚೆನ್ನಾದ ವಾಲ್ವ್, ಸುಳ್ಳಲ್ಲ. ಆದರೆ ನೀರು ಬೆಲ್ಟ್‌ನ ಒಳಕ್ಕೆ ಹೋಗಲೇ ಇಲ್ಲ. ಪೂರ್ತಿ ವೇಗದಲ್ಲಿ ಓಡುವ ಬೆಲ್ಟ್ ತನ್ನ ಜತೆ ಗಾಳಿಯ ಒಂದು ಪದರವನ್ನೂ ಎಳೆದುಕೊಂಡು ಓಡುತ್ತದೆ. ಮೆಲ್ಲಗೆ ಬಿದ್ದ ಹನಿಯನ್ನು ಆ ಗಾಳಿ ಆಚೆ ತಳ್ಳಿಬಿಡುತ್ತದೆ. ಕೆಳಗೆ ನೆಲ ಒದ್ದೆ, ಬೆಲ್ಟ್ ಒಣ. ವೇಗ 15 ಹರ್ಟ್ಜ್‌ಗೆ ಇಳಿಸಿದರೆ ಮಾತ್ರ ಬೆಲ್ಟ್ ನೆನೆಯಿತು.

ಹಾಗಾದರೆ ನೀರನ್ನು ಯಾರಾದರೂ ತಳ್ಳಬೇಕು. ಆ ಕೆಲಸಕ್ಕೆ ಗಾಳಿಯೇ ಬೇಕು. ಮಿಸ್ಟ್ ಕೂಲಿಂಗ್ ಅನ್ನುವುದು ಇದನ್ನೇ. ಕಂಪ್ರೆಸರ್ ಗಾಳಿ ಸಣ್ಣ ಬಾಯಿಂದ ಜೋರಾಗಿ ಹೊರಬರುವಾಗ ಪಕ್ಕದ ಕೊಳವೆಯಿಂದ ನೀರನ್ನು ಹೀರಿಕೊಂಡು, ಪುಡಿ ಮಾಡಿ, ಎಸೆಯುತ್ತದೆ. ಪೇಂಟ್ ಹೊಡೆಯುವ ಗನ್ ಮಾಡುವುದೂ ಅದೇ ಕೆಲಸ.

ಎಷ್ಟು ನೀರು ಬೇಕು ಅನ್ನುವ ಲೆಕ್ಕ ನನಗೆ ಬಹಳ ಇಷ್ಟವಾಯಿತು. ಒಂದು ಗ್ರಾಂ ನೀರು 30ರಿಂದ 100 ಡಿಗ್ರಿಗೆ ಏರುವಾಗ ಸುಮಾರು 290 ಜೂಲ್ ಹೀರುತ್ತದೆ. ಅದೇ ಒಂದು ಗ್ರಾಂ ಆವಿಯಾಗುವಾಗ ಇನ್ನೂ 2257 ಜೂಲ್ ಹೀರುತ್ತದೆ. ಎಂಟು ಪಟ್ಟಿನ ಹತ್ತಿರ! ಅಂದರೆ ಬಕೆಟ್‌ಗಟ್ಟಲೆ ನೀರು ಸುರಿಯುವುದಕ್ಕಿಂತ ಚೂರು ನೀರು ಆವಿಯಾಗುವ ಹಾಗೆ ಮಾಡುವುದು ಜಾಣತನ. 700 ವಾಟ್ ಪೂರ್ತಿ ಹೀಗೆ ಕಾದು ಆವಿಯಾಗುವ ನೀರಿನಿಂದಲೇ ಹೋಗಬೇಕು ಅಂದರೂ ನಿಮಿಷಕ್ಕೆ 16-17 ಮಿಲಿಲೀಟರ್ ಸಾಕು. ಗಂಟೆಗೆ ಒಂದು ಲೀಟರ್. ಬೋರ್ಡೋ ನಾಜಲ್‌ನಿಂದ ಒಂದೇ ನಿಮಿಷದಲ್ಲಿ ಅಷ್ಟು ಸುರಿದಿತ್ತು.

ನಾಜಲ್ ಎಲ್ಲಿಗೆ ನೋಡಬೇಕು

ಆನ್‌ಲೈನ್‌ನಲ್ಲಿ 750 ರೂಪಾಯಿಗೆ ಒಂದು ಜೋಡಿ ಕೊಳವೆಯ ನಾಜಲ್ ಬಂತು. ಬೇಕಾದ ಹಾಗೆ ಬಗ್ಗುವ ಕತ್ತು, ಕೆಳಗೆ ಮ್ಯಾಗ್ನೆಟ್, ಗಾಳಿಗೊಂದು ನೀರಿಗೊಂದು ತಿರುಪು. ಮ್ಯಾಗ್ನೆಟ್ ಮಾತ್ರ ಈ ಕೆಲಸಕ್ಕೆ ಬೇಡ. ಗ್ರೈಂಡರ್ ಅದುರುತ್ತದೆ, ಮ್ಯಾಗ್ನೆಟ್ ಮೆಲ್ಲಗೆ ಜಾರುತ್ತದೆ, ಜತೆಗೆ ಕಬ್ಬಿಣದ ಪುಡಿಯೆಲ್ಲ ಅದಕ್ಕೇ ಗಡ್ಡದ ಹಾಗೆ ಬೆಳೆಯುತ್ತದೆ. ನಾನು ಮೊದಲ ದಿನವೇ ಅದನ್ನು ಬಿಚ್ಚಿ ಬೋಲ್ಟ್ ಹಾಕಿದೆ.

ಮೊದಲು ನಾಜಲ್ ಅನ್ನು ಚಾಕುವಿನ ಕಡೆ ತಿರುಗಿಸಿದೆವು. ಬಿಸಿಯಾಗುವುದು ಚಾಕು ತಾನೇ? ಚಾಕುವಿನ ಮುಖ ತಣ್ಣಗಾಯಿತು, ನಿಜ. ಆದರೆ ಉಜ್ಜಾಟ ನಡೆಯುವುದು ಹಿಂದೆ, ಬೆಲ್ಟ್‌ಗೂ ಅಲಗಿಗೂ ನಡುವೆ. ಅಲ್ಲಿಗೆ ಒಂದು ಹನಿಯೂ ಹೋಗುತ್ತಿರಲಿಲ್ಲ. ಕಿಡಿ ಮೊದಲಿನಷ್ಟೇ ಹಾರುತ್ತಿತ್ತು. ಮೇಲಾಗಿ ತುಂತುರು ಅಲಗಿಗೆ ಬಡಿದು ನೇರ ಭಾವನ ಕನ್ನಡಕಕ್ಕೆ.

ಆಮೇಲೆ ನಾಜಲ್ ಅನ್ನು ಮೇಲಕ್ಕೆತ್ತಿ, ಪ್ಲಾಟನ್‌ನ ಮೇಲ್ತುದಿಯಲ್ಲಿ ಬೆಲ್ಟ್‌ನ ಕಡೆಗೇ ತಿರುಗಿಸಿದೆವು. ಚಾಕು ತಾಗುವ ಜಾಗಕ್ಕಿಂತ ನಾಲ್ಕು ಬೆರಳು ಮೇಲೆ, ಬೆಲ್ಟ್‌ನಿಂದ ಆರೇಳು ಸೆಂಟಿಮೀಟರ್ ದೂರ, ಬೆಲ್ಟ್ ಓಡುವ ದಿಕ್ಕಿಗೇ ಸ್ವಲ್ಪ ವಾಲಿಸಿ. ಈಗ ಬೆಲ್ಟ್ ತಾನೇ ನೆನೆದು, ಆ ನೀರನ್ನು ಕೆಳಗೆ ಒಯ್ದು, ಅಲಗಿನ ಹಿಂದೆ ಸೇರಿಸುತ್ತದೆ. ಬಾಯಿ ಮೇಲೆ ಇರುವುದರಿಂದ ನೀರು ಮೊದಲು ಮುಟ್ಟುವುದು ಬಾಯಿಯನ್ನೇ. ನೀರನ್ನು ಹೊರುವ ಕೆಲಸ ಬೆಲ್ಟ್‌ನದು, ನಾಜಲ್ ಕೆಲಸ ಬೆಲ್ಟ್‌ನ ಮೇಲಿನ ಗಾಳಿಯನ್ನು ಸೀಳಿ ನೀರು ದಾಟಿಸುವುದಷ್ಟೇ. ಇದು ಹೊಳೆಯಲು ನಮಗೆ ಎರಡು ಭಾನುವಾರ ಬೇಕಾಯಿತು.

ಸರಿಯಾಗಿದೆಯಾ ಅಂತ ತಿಳಿಯುವುದು ಸುಲಭ. ಒದ್ದೆ ಬೆಲ್ಟ್‌ನ ಬಣ್ಣ ಕಪ್ಪಾಗುತ್ತದೆ. ಬೆಲ್ಟ್‌ನ ಪೂರ್ತಿ ಎರಡು ಇಂಚು ಒಂದೇ ಸಮ ಕಪ್ಪಾಗಬೇಕು. ನಮ್ಮದರಲ್ಲಿ ಮೊದಲು ನಡುವೆ ಮಾತ್ರ ಕಪ್ಪು ಪಟ್ಟಿ ಇತ್ತು, ಎರಡೂ ಅಂಚು ಒಣ. ಮೊನೆ ಉಜ್ಜುವುದು ಅಂಚಿನಲ್ಲೇ! ನಾಜಲ್ ಅನ್ನು ಒಂದೆರಡು ಸೆಂಟಿಮೀಟರ್ ಹಿಂದೆ ಸರಿಸಿದ ಮೇಲೆ ತುಂತುರು ಹರಡಿತು.

ನೀರು ಜಾಸ್ತಿಯಾದರೆ ಬೆಲ್ಟ್ ಕಚ್ಚುವುದಿಲ್ಲ, ಜಾರುತ್ತದೆ. ಕೈ ತಾನಾಗಿ ಜಾಸ್ತಿ ಒತ್ತುತ್ತದೆ. ಒತ್ತಿದರೆ ಮತ್ತೆ ಬಿಸಿ. ಕಡಿಮೆಯಾದರೆ ಕಿಡಿ ಹಾರುತ್ತದೆ. ಕಿಡಿ ಪೂರ್ತಿ ನಿಲ್ಲಬಾರದು, ಹಾರಾಡಲೂಬಾರದು. ಅಲ್ಲೊಂದು ಇಲ್ಲೊಂದು ಮಿಣುಕಬೇಕು. ಗ್ಲೂಕೋಸ್ ಪೈಪಿನ ಹಲ್ಲಿನ ಗಾಲಿ ಇಲ್ಲಿ ಮತ್ತೆ ಕೆಲಸಕ್ಕೆ ಬಂತು. ನಾಜಲ್‌ಗೆ ಇದ್ದ ಹಿತ್ತಾಳೆ ತಿರುಪಿಗಿಂತ ಅದರಲ್ಲಿ ಹಿಡಿತ ಸಿಗುತ್ತದೆ.

ಬಿಸಿ ಅಳೆಯಲು ನಾನು ಇನ್‌ಫ್ರಾರೆಡ್ ಗನ್ ತಂದಿದ್ದೆ. ಅದು ಹೊಳೆಯುವ ಉಕ್ಕಿಗೆ ಕೆಲಸಕ್ಕೆ ಬಾರದು. ಒಣ ಬೆಲ್ಟ್‌ನಲ್ಲಿ ಉಜ್ಜಿದ ಅಲಗಿನ ಮೇಲೆ ನೀರು ಚುಂಯ್ ಅನ್ನುತ್ತಿದ್ದರೂ ಗನ್ 45 ಡಿಗ್ರಿ ಅಂತ ತೋರಿಸಿತು. ಕನ್ನಡಿಯಂಥ ಮೈ ತನ್ನ ಬಿಸಿಯನ್ನು ಸರಿಯಾಗಿ ಹೊರಬಿಡುವುದಿಲ್ಲ, ಅದಕ್ಕೇ. ಅಕ್ಕ ದೇವರ ಮನೆಯಿಂದ ಕ್ಯಾಂಡಲ್ ಕೊಟ್ಟಳು. ಬಾಯಿಯ ಪಕ್ಕದಲ್ಲಿ, ನಮ್ಮ ಕಡೆಯ ಮುಖಕ್ಕೆ ಮೇಣದ ಗೆರೆ ಎಳೆದೆವು. ಮೇಣ ಕರಗುವುದು ಸುಮಾರು 55-60 ಡಿಗ್ರಿಗೆ. ಒಣ ಬೆಲ್ಟ್‌ನಲ್ಲಿ ಒಂದೇ ಎಳೆತಕ್ಕೆ ಗೆರೆ ಮಾಯ. ತುಂತುರು ಇಟ್ಟು ಅದೇ ಬೆಲ್ಟ್, ಅದೇ ಕೈ, ಆರು ಎಳೆತ. ಗೆರೆ ಮೊನೆಯಲ್ಲಿ ಸ್ವಲ್ಪ ಮಂಕಾಯಿತು, ಉಳಿದದ್ದು ಹಾಗೇ ಇತ್ತು. ಭಾವ ಮಾತಾಡಲಿಲ್ಲ. ಮೇಣದ ತುಂಡನ್ನು ಮಾತ್ರ ತೆಗೆದು ಜೇಬಿಗೆ ಹಾಕಿಕೊಂಡರು.

ಕಂಪ್ರೆಸರ್ ಅಳು

ತುಂತುರಿನಲ್ಲಿ ನಿಜವಾದ ಖರ್ಚು ನೀರಲ್ಲ, ಗಾಳಿ. ಭಾವನ ಹತ್ತಿರ ಇದ್ದದ್ದು 1 ಎಚ್‌ಪಿ, 24 ಲೀಟರ್ ಟ್ಯಾಂಕಿನ ಸಣ್ಣ ಕಂಪ್ರೆಸರ್. ಧೂಳು ಊದಲು ಕೊಂಡದ್ದು. ಅರ್ಧ ಹೊತ್ತು ಓಡಿ ಅರ್ಧ ಹೊತ್ತು ಸುಧಾರಿಸಿಕೊಳ್ಳುವ ಜಾತಿ. ನಾಜಲ್ ಪೂರ್ತಿ ತೆರೆದು ಕೆಲಸ ಶುರು ಮಾಡಿದರೆ ಅದು ನಿಲ್ಲದೆ ಓಡಿತು. ಇಪ್ಪತ್ತು ನಿಮಿಷಕ್ಕೆ ಬಿಸಿಯಾಗಿ ತಾನೇ ಆಫ್ ಆಯಿತು.

ದೊಡ್ಡ ಕಂಪ್ರೆಸರ್ ಕೊಳ್ಳೋಣ ಅಂದರು ಭಾವ. ನಾನು ಬೇಡ ಅಂದೆ. ನಾಜಲ್‌ನ ಗಾಳಿ ತೂತು ಸುಮಾರು 2 ಮಿಲಿಮೀಟರ್ ಇತ್ತು. ತೂತಿನ ಅಡ್ಡಳತೆ ಅರ್ಧ ಮಾಡಿದರೆ ಅದರಲ್ಲಿ ಹೋಗುವ ಗಾಳಿ ಕಾಲು ಭಾಗಕ್ಕೆ ಇಳಿಯುತ್ತದೆ. ಲೇತ್‌ನಲ್ಲಿ ಹಿತ್ತಾಳೆಯ ಸಣ್ಣ ತುದಿ ತಿರುಗಿಸಿ, 1 ಮಿಲಿಮೀಟರ್ ತೂತು ಕೊರೆದು ಹಾಕಿದೆ. ಒತ್ತಡ 2 ಬಾರ್‌ಗೆ ಇಳಿಸಿದೆವು. ಅಷ್ಟರಲ್ಲೂ ತುಂತುರು ಚೆನ್ನಾಗಿಯೇ ಬಂತು.

ಎರಡನೆಯದು, ಕಾಲಿನ ವಾಲ್ವ್. ಭಾವ ಕೆಲಸ ಮಾಡುವುದನ್ನು ಸುಮ್ನೆ ಕೂತು ನೋಡಿದೆ. ಎಳೆಯುತ್ತಾರೆ, ಎತ್ತಿ ಬೆಳಕಿಗೆ ಹಿಡಿಯುತ್ತಾರೆ, ತಿರುಗಿಸುತ್ತಾರೆ, ಮತ್ತೆ ಎಳೆಯುತ್ತಾರೆ. ಅಲಗು ಬೆಲ್ಟ್‌ಗೆ ತಾಗಿರುವುದು ಅರ್ಧ ಹೊತ್ತೂ ಇಲ್ಲ. ಮಿಕ್ಕ ಹೊತ್ತು ಗಾಳಿ ಯಾಕೆ ಹೋಗಬೇಕು? ಗಾಳಿಯಲ್ಲೇ ಕೆಲಸ ಮಾಡುವ ಪೆಡಲ್ ಹಾಕಿದೆವು, 1,100 ರೂಪಾಯಿ. ಕರೆಂಟಿನ ಪೆಡಲ್ ಬೇಡವೇ ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆವು. ಒದ್ದೆ ನೆಲ, ಬರಿಗಾಲಿನ ಮನುಷ್ಯ. ಪೆಡಲ್ ಒತ್ತಿದರೆ ತುಂತುರು, ಬಿಟ್ಟರೆ ಇಲ್ಲ. ನೀರು ಹೀರಿಕೊಂಡು ಬರಬೇಕಾದ್ದರಿಂದ ಬಾಟಲಿಯನ್ನು ನಾಜಲ್‌ಗಿಂತ ಒಂದು ಗೇಣು ಕೆಳಗೆ ಇಟ್ಟೆವು. ಮೇಲಿಟ್ಟರೆ ಪೆಡಲ್ ಬಿಟ್ಟ ಮೇಲೂ ನೀರು ತಾನಾಗಿ ಸೋರುತ್ತಿತ್ತು.

ಇನ್ನೊಂದು ತೊಂದರೆ ನಮ್ಮ ಊರಿನದ್ದೇ. ಸಂಜೆ ವೋಲ್ಟೇಜ್ ಕುಸಿಯುತ್ತದೆ. ಗ್ರೈಂಡರ್ ಓಡುವಾಗ ಕಂಪ್ರೆಸರ್ ಸ್ಟಾರ್ಟ್ ಆದರೆ ಸಾಕು, ವಿಎಫ್‌ಡಿ ವೋಲ್ಟೇಜ್ ಸಾಲದು ಅಂತ ಗ್ರೈಂಡರ್ ನಿಲ್ಲಿಸಿಬಿಡುತ್ತಿತ್ತು. ಎರಡಕ್ಕೂ ಬೇರೆ ಬೇರೆ ಲೈನ್ ಎಳೆಸಿದ ಮೇಲೆ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಹದ ಆದ ಅಲಗಿನ ಕೆಲಸವನ್ನು ಭಾವ ಈಗ ಬೆಳಿಗ್ಗೆಯೇ ಮುಗಿಸುತ್ತಾರೆ.

ನೀರಿಗೆ ಏನು ಬೆರೆಸಬೇಕು

ಪೇಟೆಯ ಲೇತ್ ಅಂಗಡಿಯಲ್ಲಿ ಎಲ್ಲರೂ ಒಂದೇ ಮಾತು ಹೇಳಿದರು: "ಕೂಲಂಟ್ ಹಾಕು, ಒಂದಕ್ಕೆ ಇಪ್ಪತ್ತು ನೀರು, ತುಕ್ಕು ಬರಲ್ಲ." ಹಾಲಿನ ಹಾಗೆ ಬೆಳ್ಳಗಾಗುವ ಆ ಎಣ್ಣೆ ನೀರನ್ನು ನಾನೂ ದಿನಾ ಬಳಸುತ್ತೇನೆ. ಆದರೆ ಲೇತ್‌ನಲ್ಲಿ ಅದು ಹರಿಯುತ್ತದೆ. ಇಲ್ಲಿ ಅದನ್ನು ಪುಡಿ ಮಾಡಿ ಮುಖದ ಮುಂದೆ ಗಾಳಿಗೆ ಬಿಡುತ್ತೇವೆ. ಈ ಎಣ್ಣೆ ಮಂಜು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಕೆಲಸದ ಜಾಗದ ಆರೋಗ್ಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆ ಇಂಥ ದ್ರವಗಳ ಮಂಜಿಗೆ ಸಲಹೆ ಮಾಡಿರುವ ಮಿತಿ ಒಂದು ಘನ ಮೀಟರ್ ಗಾಳಿಗೆ ಅರ್ಧ ಮಿಲಿಗ್ರಾಂ ಮಾತ್ರ. ತಟ್ಟಿ ಕಟ್ಟಿದ ಶೆಡ್ಡಿನಲ್ಲಿ ಅದನ್ನು ಅಳೆಯುವವರು ಯಾರು? ಹಳಸಿದ ಕೂಲಂಟ್‌ನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಇನ್ನೊಂದು ಕಾಟ. ಹಾಗಾಗಿ ಎಣ್ಣೆ ಬೇಡ ಅಂತ ಹಟ ಹಿಡಿದೆ.

ವಾಷಿಂಗ್ ಸೋಡಾ ಹಾಕಿ ನೋಡಿದೆವು. ತುಕ್ಕು ನಿಂತಿತು. ಕಣ್ಣು, ಗಂಟಲು ಉರಿಯಿತು. ಹದಿನೈದು ದಿನಕ್ಕೆ ಅಲ್ಯೂಮಿನಿಯಂ ಗಾಲಿಯ ಮೈ ಮಂಕಾಗಿ ಬಿಳಿ ಪುಡಿ ಎದ್ದಿತು. ಸೋಡಾಕ್ಕೆ ಅಲ್ಯೂಮಿನಿಯಂ ಆಗುವುದಿಲ್ಲ. ನಿಲ್ಲಿಸಿದೆವು.

ಕೊನೆಗೆ ಬರೀ ನೀರು. ಮಳೆಗಾಲದಲ್ಲಿ ಹೆಂಚಿನಿಂದ ಇಳಿದ ನೀರನ್ನು ಬಟ್ಟೆಯಲ್ಲಿ ಸೋಸಿ ಡ್ರಮ್ಮಿಗೆ ಹಿಡಿಯುತ್ತಾರೆ. ಅದರಲ್ಲಿ ಉಪ್ಪು, ಸುಣ್ಣ ಇಲ್ಲದ್ದರಿಂದ 1 ಮಿಲಿಮೀಟರ್ ತೂತು ಕಟ್ಟುವುದಿಲ್ಲ. ಬಾಟಲಿಗೆ ಹಾಕುವ ಮುಂಚೆ ಒಮ್ಮೆ ಕುದಿಸುತ್ತಾರೆ, ಸಂಜೆ ಮಿಕ್ಕಿದ್ದನ್ನು ಚೆಲ್ಲುತ್ತಾರೆ. ತುಕ್ಕು? ಬರುತ್ತದೆ. ಜುಲೈ ತಿಂಗಳಲ್ಲಿ ಚಹಾ ಕುಡಿದು ಬರುವಷ್ಟರಲ್ಲಿ 52100 ಕಂದಾಗಿರುತ್ತದೆ. ಪ್ರತಿ ಸುತ್ತು ಮುಗಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಕೊಬ್ಬರಿ ಎಣ್ಣೆ ಸವರಿ ಇಡುವುದು ಈಗ ಅಭ್ಯಾಸ. ಶ್ವಾಸಕೋಶಕ್ಕಿಂತ ತುಕ್ಕು ಒರೆಸುವುದು ಸುಲಭ.

ಮಾಸ್ಕ್ ಮಾತ್ರ ಬಿಡಲಿಲ್ಲ. ತುಂತುರು ಧೂಳನ್ನು ತುಂಬಾ ಕಡಿಮೆ ಮಾಡುತ್ತದೆ, ಸಂಜೆ ಮೂಗು ಸೀನಿದರೆ ಕಪ್ಪು ಬರುವುದು ನಿಂತಿದೆ. ಆದರೆ ಅತಿ ಸಣ್ಣ ಧೂಳು ಹನಿಯ ಜತೆಯೇ ತೇಲುತ್ತದೆ. ಬಟ್ಟೆ ಥರದ ಮಾಸ್ಕ್ ಹತ್ತು ನಿಮಿಷಕ್ಕೆ ಒದ್ದೆಯಾಗಿ ಉಸಿರು ಕಟ್ಟುತ್ತದೆ. ಫಿಲ್ಟರ್ ಬದಲಿಸುವ ರಬ್ಬರ್ ಮಾಸ್ಕೇ ಬೇಕಾಯಿತು.

ಒದ್ದೆಯಾದ ಮೇಲಿನ ಕಥೆ

ನಾಜಲ್ ಕಟ್ಟುವುದು ಒಂದು ದಿನದ ಕೆಲಸ. ಆ ನೀರು ಆಮೇಲೆ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ನೋಡಿಕೊಳ್ಳುವುದಕ್ಕೆ ಎರಡು ತಿಂಗಳು ಹಿಡಿಯಿತು.

ಮೊದಲು ವಿಎಫ್‌ಡಿ. ಅದು ಗ್ರೈಂಡರ್ ಮೇಜಿನ ಕೆಳಗೇ ಇತ್ತು, ಜಾಲರಿ ತೆರೆದುಕೊಂಡು. ನೀರಿಗಿಂತ ಮುಂಚೆಯೇ ಕಬ್ಬಿಣದ ಪುಡಿ ಅದರೊಳಗೆ ಮನೆ ಮಾಡಿತ್ತು. ಒದ್ದೆ ಕಬ್ಬಿಣದ ಪುಡಿ ಮತ್ತು ಕರೆಂಟು, ಇದಕ್ಕಿಂತ ಕೆಟ್ಟ ಜೋಡಿ ಇಲ್ಲ. ಗೋಡೆಗೆ, ಎರಡು ಮೀಟರ್ ದೂರಕ್ಕೆ, ಮುಚ್ಚಿದ ದೊಡ್ಡ ಪೆಟ್ಟಿಗೆಯೊಳಗೆ ಅದನ್ನು ಸಾಗಿಸಿದೆವು. ಪೆಟ್ಟಿಗೆ ಚಿಕ್ಕದಾದರೆ ವಿಎಫ್‌ಡಿ ತನ್ನ ಬಿಸಿಗೇ ಬೇಯುತ್ತದೆ. ಮೋಟರ್ ಧೂಳು, ನೀರಿನ ಎರಚಲು ತಡೆಯುವ ಐಪಿ55 ದರ್ಜೆಯದು, ಸುತ್ತ ಮುಚ್ಚಿದ್ದು, ಅದಕ್ಕೆ ಏನೂ ಮಾಡಬೇಕಾಗಲಿಲ್ಲ.

30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್, ಹಾಕಿಸಿದೆವು. ಅದು ಸುಮ್‌ಸುಮ್ನೆ ಬೀಳತೊಡಗಿತು. "ತೆಗೆದುಬಿಡೋಣ ಮಾರಾಯ" ಅಂದರು ಭಾವ. "ಭಾವ, ಅದನ್ನು ತೆಗೆದರೆ ನಾಜಲ್ ಕೂಡ ಬಿಚ್ಚಿಕೊಂಡು ಹೋಗ್ತೇನೆ ನೋಡಿ" ಅಂದೆ. ವಿಎಫ್‌ಡಿ ಓಡುವಾಗ ಅರ್ಥಿಂಗ್‌ಗೆ ಸ್ವಲ್ಪ ಕರೆಂಟು ಸೋರುವುದು ಅದರ ಗುಣ. ಎಲೆಕ್ಟ್ರಿಷಿಯನ್ ಬಂದು ಮೋಟರ್ ಕೇಬಲ್ ಗಿಡ್ಡ ಮಾಡಿದ, ವಿಎಫ್‌ಡಿಯಲ್ಲಿ ಕ್ಯಾರಿಯರ್ ಫ್ರೀಕ್ವೆನ್ಸಿ ಅನ್ನುವ ಸೆಟ್ಟಿಂಗ್ ಇಳಿಸಿದ, ಡ್ರೈವ್‌ಗಳಿಗೆ ಹೊಂದುವ ಬೇರೆ ಆರ್‌ಸಿಸಿಬಿಯನ್ನು ಆ ಲೈನ್‌ಗೇ ಹಾಕಿದ. ಈಗ ಬೀಳುವುದಿಲ್ಲ. ತಿಂಗಳಿಗೊಮ್ಮೆ ಟೆಸ್ಟ್ ಗುಂಡಿ ಒತ್ತಿ ನೋಡುವುದು ನನ್ನ ಭಾನುವಾರದ ಪಟ್ಟಿಯಲ್ಲಿದೆ.

ಬೆಲ್ಟ್‌ಗಳಲ್ಲಿ ಒಂದು ಪಾಠ ಸದ್ದಿನ ಜತೆ ಬಂತು. ಕಾಗದದ ಬೆನ್ನಿನ 400 ನಂಬರ್ ಬೆಲ್ಟ್ ನೆನೆದು, ಅಂಟಿನ ಜಾಗದಲ್ಲಿ ಪಟಾರ್ ಅಂತ ಹರಿದು ಭಾವನ ಮಣಿಕಟ್ಟಿಗೆ ಬಾರಿಸಿತು. ಬರೆ ಎದ್ದಿತು, ಅಷ್ಟೇ. ಈಗ ಒದ್ದೆ ಕೆಲಸಕ್ಕೆ ಪಾಲಿಯೆಸ್ಟರ್ ಬಟ್ಟೆಯ ಬೆನ್ನಿನ, ವಾಟರ್‌ಪ್ರೂಫ್ ಅಂತ ಬರೆದಿರುವ ಬೆಲ್ಟ್ ಮಾತ್ರ. ಕೆಲಸ ಮುಗಿದ ಮೇಲೆ ಎರಡು ನಿಮಿಷ ಗಾಳಿ ನೀರು ಇಲ್ಲದೆ ಓಡಿಸಿ, ಬಿಚ್ಚಿ, ನೇತುಹಾಕುತ್ತಾರೆ.

ಕೆಳಗೆ ತಗಡಿನ ತಟ್ಟೆ ಇದೆ, ಹಿಂದೆ ಹಳೇ ಟ್ಯೂಬಿನ ರಬ್ಬರ್ ಪರದೆ. ತಟ್ಟೆಯಲ್ಲಿ ಸೇರುವ ಕಪ್ಪು ಕೆಸರನ್ನು ರಾಶಿ ಹಾಕಿ ಬಿಡಬಾರದು. ನೆನೆದ ಕಬ್ಬಿಣದ ಪುಡಿ ತುಕ್ಕು ಹಿಡಿಯುತ್ತಾ ಒಳಗೊಳಗೇ ಬಿಸಿಯಾಗುತ್ತದೆ. ಮುಚ್ಚಳದ ಕಬ್ಬಿಣದ ಬಕೆಟ್‌ನಲ್ಲಿ ನೀರಿನಡಿ ಮುಳುಗಿಸಿ ಹೊರಗಿಡುತ್ತಾರೆ. ಅಲ್ಯೂಮಿನಿಯಂ, ಟೈಟೇನಿಯಂ, ಮೆಗ್ನೀಸಿಯಂ ಈ ಬೆಲ್ಟ್ ಹತ್ತಿರ ಬರುವ ಹಾಗೇ ಇಲ್ಲ. ಅವುಗಳ ಸಣ್ಣ ಪುಡಿ ನೀರಿನ ಜತೆ ಹೈಡ್ರೋಜನ್ ಬಿಡಬಹುದು, ಕಬ್ಬಿಣದ ಪುಡಿಯ ಜತೆ ಬೆರೆತರೆ ಇನ್ನೂ ಅಪಾಯ.

ಒಟ್ಟು ಖರ್ಚು, ಕಂಪ್ರೆಸರ್ ಇತ್ತು ಅಂತಿಟ್ಟುಕೊಂಡು: ನಾಜಲ್ 750, ಪೆಡಲ್ 1,100, ಪೈಪು ಮತ್ತು ಜೋಡಣೆ 600, ತಟ್ಟೆ 900, ಪೆಟ್ಟಿಗೆ 850. ಸೇರಿ 4,200 ರೂಪಾಯಿ. ಕರೆಂಟಿನ ಕೆಲಸ ಬೇರೆ, ಅದರ ಬಿಲ್ಲನ್ನು ಭಾವ ನನಗೆ ತೋರಿಸಿಲ್ಲ. ಪೆಡಲ್ ಒತ್ತಿರುವ ಹೊತ್ತಿನ ಲೆಕ್ಕದಲ್ಲಿ ಒಂದು ಲೀಟರ್ ನೀರು ಎರಡು ಗಂಟೆ ಬರುತ್ತದೆ.

ಭಟ್ಟರ ಚಾಕುವಿನ ಮೆತ್ತಗಿನ ಭಾಗ ಬಾಯಿಯಿಂದ ಎರಡು ಮಿಲಿಮೀಟರ್ ಒಳಗಿನವರೆಗೆ ಇತ್ತು. ಅಷ್ಟನ್ನೂ ತುಂತುರಿನಲ್ಲೇ ತೆಗೆದು, ಹೊಸದಾಗಿ ತೆಳು ಮಾಡಿದರು. ಮೊನೆಯವರೆಗೂ ಅರ ಜಾರಿತು. ಚಾಕು ಸ್ವಲ್ಪ ಸಣಕಲಾಗಿದೆ. ಭಟ್ಟರು ಅದನ್ನು ಈಗ ಸೌತೆಕಾಯಿಗೆ ಇಟ್ಟುಕೊಂಡಿದ್ದಾರೆ, ಕುಂಬಳಕಾಯಿಗೆ ಬೇರೆ ಕೇಳಿದ್ದಾರೆ.

ಇನ್ನೂ ಸರಿಯಾಗದ್ದು ಒಂದಿದೆ. ಮೂರು ಇಂಚಿನ ಸಣ್ಣ ಚಾಕುಗಳ ಮೊನೆಯಲ್ಲಿ ಆಗೊಮ್ಮೆ ಈಗೊಮ್ಮೆ ಮಾಸಲು ಹಳದಿ ಕಾಣುತ್ತದೆ. ನಿಂತು ನೋಡಿದಾಗ ಕಾರಣ ಗೊತ್ತಾಯಿತು. ಎಳೆತ ಮುಗಿಯುತ್ತಾ ಬಂದಾಗ, ಕೈ ಎತ್ತುವ ಮುಂಚೆಯೇ ಭಾವನ ಕಾಲು ಪೆಡಲ್ ಬಿಡುತ್ತದೆ. ಆ ಅರ್ಧ ಸೆಕೆಂಡ್ ಮೊನೆ ಒಣ ಬೆಲ್ಟ್‌ನ ಮೇಲಿರುತ್ತದೆ. ಪೆಡಲ್ ಬಿಟ್ಟ ಮೇಲೂ ಒಂದೆರಡು ಸೆಕೆಂಡ್ ಗಾಳಿ ಉಳಿಯುವ ಹಾಗೆ, ವಾಲ್ವ್ ಮತ್ತು ನಾಜಲ್ ನಡುವೆ ಒಂದು ಸಣ್ಣ ಡಬ್ಬಿ ಸೇರಿಸಬೇಕು ಅಂತಿದ್ದೇನೆ. ಹಳೇ ಫ್ರಿಜ್‌ನ ಗ್ಯಾಸ್ ಫಿಲ್ಟರ್ ಡಬ್ಬಿ ಒಂದು ಎತ್ತಿಟ್ಟಿದ್ದೇನೆ, ಸಾಲುತ್ತದೋ ಇಲ್ಲವೋ ಬರುವ ಭಾನುವಾರ ನೋಡಬೇಕು.